ಸತ್ಯಕ್ಕೂ ಸ್ವಾತಂತ್ರ್ಯಕ್ಕೂ ಜಟಾಪಟಿ ಬಿದ್ದಾಗ: ಕ್ರೈಸ್ತ ವಿಶ್ವಾಸಿ ತೂಗಿ ನೋಡುವ ಬಗೆ

ಸಭೆಯಲ್ಲಾಗಲಿ (ಅಂದರೆ ಚರ್ಚಿನಲ್ಲಾಗಲಿ) ಮನೆಯಲ್ಲಾಗಲಿ ಈ ಜಗಳ ಎರಡೇ ಮಾತಿನಿಂದ ಶುರುವಾಗುತ್ತದೆ. ಒಬ್ಬರು "ಸತ್ಯ ಅಂದಮೇಲೆ ಹೇಳಲೇಬೇಕು" ಅನ್ನುತ್ತಾರೆ, ಇನ್ನೊಬ್ಬರು "ಅದು ನನ್ನ ಇಷ್ಟ, ಕೇಳೋದಕ್ಕೆ ನೀವ್ಯಾರು" ಅನ್ನುತ್ತಾರೆ. ಇಬ್ಬರೂ ಸತ್ಯವೇದ (ಬೈಬಲ್) ತೆರೆದು ವಾಕ್ಯ ತೋರಿಸಬಲ್ಲರು. ಆದ್ದರಿಂದ ವಾಕ್ಯಕ್ಕೆ ವಾಕ್ಯ ಎಸೆದು ಇದು ಬಗೆಹರಿಯುವುದಿಲ್ಲ. ಇಂಥ ಜಗಳಗಳಲ್ಲಿ ಬಹುಪಾಲು ಸಲ ತೂಕಕ್ಕೆ ಬಂದಿರುವುದು ಇನ್ನೊಬ್ಬರ ಮನಸ್ಸಾಕ್ಷಿಯ ಮೇಲೆ ನಮಗೆ ಎಷ್ಟು ಅಧಿಕಾರವಿದೆ ಎಂಬ ಸಂಗತಿ. ಸತ್ಯದ ಹೆಸರಿನಲ್ಲಿ ಆ ಅಧಿಕಾರವನ್ನು ಒಳಗೆ ಸೇರಿಸಿಬಿಡುತ್ತೇವೆ, ಎಡವಟ್ಟು ಅಲ್ಲೇ ಆಗುವುದು.

ಮೊದಲು ಪ್ರಶ್ನೆಯನ್ನು ಕಾಗದಕ್ಕೆ ಇಳಿಸಿ

"ಮಗ ದಾರಿ ತಪ್ಪಿದ್ದಾನೆ, ಏನು ಮಾಡಲಿ?" ಎಂಬುದು ಸಂಕಟ, ಅದನ್ನು ತೂಗಲಾಗದು. "24 ವರ್ಷದ ಮಗ ಇನ್ನು ಆರಾಧನೆಗೆ ಬರುವುದಿಲ್ಲ ಎಂದಿದ್ದಾನೆ. ನಮ್ಮ ಮನೆಯಲ್ಲೇ ಇದ್ದಾನೆ. ಬರಲೇಬೇಕೆಂದು ಒತ್ತಾಯ ಮಾಡಬಹುದೇ?" ಎಂದು ಬರೆದರೆ ತೂಗಬಹುದು. ಯಾರು, ಯಾವ ಕೆಲಸ, ತೀರ್ಮಾನ ಯಾರ ಕೈಯಲ್ಲಿದೆ ಎಂಬ ಮೂರೂ ಆ ಬರಹದಲ್ಲಿ ಇರಬೇಕು. ಮೂರನೆಯದನ್ನು ಬರೆಯಲು ಕೂತಾಗಲೇ ಕೆಲವು ಜಗಳ ಅರ್ಧ ತಣ್ಣಗಾಗುತ್ತವೆ, ಏಕೆಂದರೆ ತೀರ್ಮಾನ ನಮ್ಮ ಕೈಯಲ್ಲಿ ಇಲ್ಲವೇ ಇಲ್ಲ ಎಂಬುದು ಅಲ್ಲೇ ಕಂಡುಬಿಡುತ್ತದೆ.

ಆಮೇಲೆ, ಯಾವ ಸ್ವಾತಂತ್ರ್ಯದ ಮಾತು ನಡೆದಿದೆ ಎಂದು ಗುರುತಿಸಿ. ಯೋಹಾನ 8ರಲ್ಲಿ ಯೇಸು ಹೇಳುವುದು ಪಾಪದ ದಾಸತ್ವದಿಂದ ಸಿಗುವ ಬಿಡುಗಡೆ. ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರದ ವಿಷಯ, ದೇವರ ಮೆಚ್ಚುಗೆ ಗಳಿಸಲು ಮೋಶೆಯ ಧರ್ಮಶಾಸ್ತ್ರದ ನೊಗ ಹೊರುವ ಅಗತ್ಯವಿಲ್ಲ ಎಂಬುದು. ರೋಮ 14ರಲ್ಲಿ ಬರುವುದು, ಸತ್ಯವೇದ ಖಚಿತವಾಗಿ ಕಟ್ಟಿಹಾಕದ ವಿಷಯಗಳಲ್ಲಿ ಪ್ರತಿಯೊಬ್ಬ ವಿಶ್ವಾಸಿಗೂ ಇರುವ ಸ್ವಾತಂತ್ರ್ಯ. ಇವೆಲ್ಲಕ್ಕೂ ಹೊರಗೆ, ಯಾವ ಸರ್ಕಾರವೂ ಯಾವ ಸಭೆಯೂ ಬಲವಂತದಿಂದ ಯಾರನ್ನೂ ನಂಬಿಸಕೂಡದು ಎಂಬ ನಾಗರಿಕ ಸ್ವಾತಂತ್ರ್ಯ ಇದೆ. ಒಂದನ್ನು ಹಿಡಿದು ಇನ್ನೊಂದರ ಜಾಗದಲ್ಲಿ ಕೂರಿಸಿದರೆ ವಾದಕ್ಕೆ ಕೊನೆಯೇ ಇರುವುದಿಲ್ಲ. "ಸತ್ಯವು ನಿಮ್ಮನ್ನು ಬಿಡುಗಡೆ ಮಾಡುವುದು" ಎಂಬ ಯೋಹಾನ 8:32ನ್ನು ಎಲ್ಲರೂ ಬಳಸುತ್ತಾರೆ. ಅದರ ಹಿಂದಿನ 31ನೇ ವಚನದಲ್ಲಿರುವ "ನನ್ನ ವಾಕ್ಯದಲ್ಲಿ ನೆಲೆಗೊಂಡರೆ" ಎಂಬ ಷರತ್ತನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಸತ್ಯಗಳಿಗೂ ದರ್ಜೆ ಇದೆ

ಸತ್ಯ ಎಲ್ಲವೂ ಸತ್ಯವೇ. ಆದರೆ ಎಲ್ಲ ಸತ್ಯಕ್ಕೂ ಒಂದೇ ತೂಕದ ಒತ್ತಡ ಹಾಕಲಾಗದು. ಎದುರಿಗಿರುವ ವಿಷಯವನ್ನು ಮೂರರಲ್ಲಿ ಒಂದು ಕಡೆ ಇಡಿ. ಮೊದಲನೆಯದು ಸುವಾರ್ತೆಯ ಬುನಾದಿ: ಕ್ರಿಸ್ತನ ಮರಣ, ಪುನರುತ್ಥಾನ, ಕೃಪೆಯಿಂದ ರಕ್ಷಣೆ. ಇದರಲ್ಲಿ ರಾಜಿ ಇಲ್ಲ. ಎರಡನೆಯದು ಸ್ಪಷ್ಟ ಆಜ್ಞೆ: ಕದಿಯಬೇಡ, ವ್ಯಭಿಚಾರ ಬೇಡ, ಸುಳ್ಳು ಸಾಕ್ಷಿ ಬೇಡ. ಮೂರನೆಯದು ಪೌಲ ರೋಮ 14ರಲ್ಲಿ ಹೇಳುವ ಅಭಿಪ್ರಾಯಭೇದಗಳು: ಏನು ತಿನ್ನಬೇಕು, ಯಾವ ದಿನ ಆಚರಿಸಬೇಕು ಎಂಬಂಥವು. ಮೂರನೆಯದರಲ್ಲಿ ಅವನ ನಿಯಮ ಚಿಕ್ಕದು. ತಿನ್ನುವವನು ತಿನ್ನದವನನ್ನು ಹೀನಾಯವಾಗಿ ಕಾಣಕೂಡದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಹೇಳಕೂಡದು, ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿರಬೇಕು.

ದರ್ಜೆ ಬದಲಾದರೆ ನಡತೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಸುನ್ನತಿಯ ಪ್ರಸಂಗಕ್ಕಿಂತ ಒಳ್ಳೆಯ ಪಾಠ ಹೊಸ ಒಡಂಬಡಿಕೆಯಲ್ಲಿ ಇಲ್ಲ. ಯೆಹೂದ್ಯನಲ್ಲದ ತನ್ನ ಜೊತೆಗಾರ ತೀತನಿಗೆ ಸುನ್ನತಿ ಆಗಲೇಬೇಕು ಎಂಬ ಒತ್ತಾಯ ಬಂದಾಗ ಪೌಲ ಒಂದು ಗಳಿಗೆಯೂ ಬಗ್ಗಲಿಲ್ಲ (ಗಲಾತ್ಯ 2:3–5). ಅದೇ ಪೌಲ ಇನ್ನೊಬ್ಬ ಜೊತೆಗಾರ ತಿಮೊಥೆಗೆ ತಾನೇ ಸುನ್ನತಿ ಮಾಡಿಸಿದ (ಅಪೊಸ್ತಲರ ಕೃತ್ಯಗಳು 16:3). ಕತ್ತಿ ಅದೇ, ಸಂಸ್ಕಾರ ಅದೇ. ತೀತನ ವಿಷಯದಲ್ಲಿ ಅದನ್ನು ರಕ್ಷಣೆಗೆ ಷರತ್ತಾಗಿ ಕೇಳಿದರು, ಅಂದರೆ ವಿಷಯ ಮೊದಲ ದರ್ಜೆಗೆ ಏರಿತು. ತಿಮೊಥೆಯ ವಿಷಯದಲ್ಲಿ ಷರತ್ತೇನೂ ಇರಲಿಲ್ಲ. ಅವನ ತಂದೆ ಗ್ರೀಕನೆಂದು ಆ ಕಡೆಯ ಯೆಹೂದ್ಯರಿಗೆಲ್ಲ ಗೊತ್ತಿತ್ತು, ಅವರ ನಡುವೆ ಕೆಲಸಕ್ಕೆ ಅಡ್ಡಿಯಾಗದಿರಲಿ ಎಂದು ಪೌಲ ತನ್ನ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟ. ಇನ್ನು ಅಂತಿಯೋಕ್ಯದಲ್ಲಿ, ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳೊಂದಿಗೆ, ಊಟ ಮಾಡುತ್ತಿದ್ದ ಪೇತ್ರ ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದೊಡನೆ ಹಿಂದೆ ಸರಿದಾಗ, ಪೌಲ ಎಲ್ಲರ ಮುಂದೆಯೇ ಎದುರು ನಿಂತು ಮಾತಾಡಿದ (ಗಲಾತ್ಯ 2:11–14). ನೋಡುವವರಿಗೆ ಅದು ಯಾರ ಜೊತೆ ಊಟಕ್ಕೆ ಕೂರುವುದು ಎಂಬ ಸಣ್ಣ ವಿಷಯ. ಆದರೆ ಆ ಊಟದಿಂದ ಎದ್ದು ಹೋಗುವುದೆಂದರೆ ಅನ್ಯಜನರು ಪೂರ್ತಿ ಕ್ರೈಸ್ತರಲ್ಲ ಎಂದು ಸಾರಿದಂತೆ.

ಹಾಗಾಗಿ ದರ್ಜೆ ನಿರ್ಣಯಿಸುವಾಗ ಈ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಒಪ್ಪದವರನ್ನು ನಾವು ಸಹೋದರರೆಂದು ಕರೆಯುವುದನ್ನು ನಿಲ್ಲಿಸುತ್ತೇವೆಯೇ? "ಇಲ್ಲ" ಎಂಬ ಉತ್ತರ ಬಂದರೆ ಅದು ಬುನಾದಿಯ ವಿಷಯವಲ್ಲ, ಬುನಾದಿ ಅಲುಗಿದವರ ಹಾಗೆ ಕೂಗಾಡುವುದೂ ಸಲ್ಲದು. ಸಾಮಾನ್ಯವಾಗಿ ಆಗುವ ತಪ್ಪು ಮೂರನೆಯ ದರ್ಜೆಯದನ್ನು ಮೊದಲಕ್ಕೆ ಏರಿಸುವುದು: ಉಡುಪು, ಸಂಗೀತದ ಶೈಲಿ, ಮಕ್ಕಳನ್ನು ಯಾವ ಶಾಲೆಗೆ ಕಳಿಸಬೇಕು ಇತ್ಯಾದಿ. ತಿರುಗಾಮುರುಗಾ ತಪ್ಪೂ ಉಂಟು. ಲೆಕ್ಕದಲ್ಲಿ ಕಳ್ಳತನ ಮಾಡಿದವನು ರೋಮ 14ರ ನೆರಳಿನಲ್ಲಿ ನಿಂತು "ನನ್ನ ಮೇಲೆ ತೀರ್ಪು ಹೇಳಬೇಡಿ" ಅಂದರೆ ಅದಕ್ಕೆ 1 ಪೇತ್ರ 2:16ರಲ್ಲಿ ಉತ್ತರವಿದೆ: ಸ್ವಾತಂತ್ರ್ಯವನ್ನು ಕೆಟ್ಟತನಕ್ಕೆ ಮುಸುಕಾಗಿ ಬಳಸಕೂಡದು.

ಅಧಿಕಾರ ಎಷ್ಟಿದೆ, ಅಳೆಯಿರಿ

ಎದುರಿಗಿರುವ ವ್ಯಕ್ತಿ ನಿಮಗೆ ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೊರಗಿನವರ ಮೇಲೆ ತೀರ್ಪು ಹೇಳುವುದು ನನ್ನ ಕೆಲಸವೇ ಎಂದು ಪೌಲ ಕೇಳುವುದು ಸಭೆಯೊಳಗಿನ ವ್ಯಭಿಚಾರದ ಬಗ್ಗೆ ಅತಿ ಕಠಿಣವಾಗಿ ಬರೆದ ಅದೇ ಅಧ್ಯಾಯದಲ್ಲಿ (1 ಕೊರಿಂಥ 5:12). ನಮ್ಮಲ್ಲಿ ಅನೇಕರು ಇದನ್ನು ಸರಿಯಾಗಿ ತಲೆಕೆಳಗು ಮಾಡಿದ್ದೇವೆ: ಹೊರಗಿನವರಿಗೆ ಉಪದೇಶ, ಒಳಗಿನವರಿಗೆ ಮೌನ.

ಅಧಿಕಾರ ಇದ್ದಾಗಲೂ ಅದನ್ನು ಪೂರ್ತಿ ಬಳಸಬೇಕೆಂದಿಲ್ಲ. ದಾಸನಾದ ಒನೇಸಿಮನನ್ನು ಸಹೋದರನಂತೆ ಸೇರಿಸಿಕೋ ಎಂದು ಅವನ ಯಜಮಾನ ಫಿಲೆಮೋನನಿಗೆ ಪೌಲ ಬರೆದ ಪತ್ರವನ್ನು ಒಮ್ಮೆ ನಿಧಾನವಾಗಿ ಓದಿ. ಒಟ್ಟು 25 ವಚನ, ಹತ್ತು ನಿಮಿಷ ಸಾಕು. ಆಜ್ಞೆ ಮಾಡುವ ಧೈರ್ಯ ನನಗಿದೆ, ಆದರೂ ಪ್ರೀತಿಯಿಂದ ಬೇಡಿಕೊಳ್ಳುತ್ತೇನೆ ಎಂದು 8–9ನೇ ವಚನದಲ್ಲಿ ಹೇಳುತ್ತಾನೆ. ಕಾರಣ 14ನೇ ವಚನದಲ್ಲಿದೆ: ನಿನ್ನ ಒಳ್ಳೆಯ ಕೆಲಸ ಬಲವಂತದಿಂದ ಆಗದೆ ಮನಃಪೂರ್ವಕವಾಗಿ ಆಗಲಿ. ಬಲವಂತದಿಂದ ಮಾಡಿಸಿದ ಒಳ್ಳೆಯದು ಒಳ್ಳೆಯತನದ ಅರ್ಧವನ್ನೇ ಕಳೆದುಕೊಳ್ಳುತ್ತದೆ ಎಂಬ ತಿಳಿವಳಿಕೆ ಇದು.

ಅನನೀಯನ ಪ್ರಸಂಗವನ್ನೂ ಹತ್ತಿರದಿಂದ ನೋಡಬೇಕು (ಅಪೊಸ್ತಲರ ಕೃತ್ಯಗಳು 5). ಅವನು ಹೊಲ ಮಾರಿ, ಹಣದ ಒಂದು ಭಾಗ ಬಚ್ಚಿಟ್ಟುಕೊಂಡು, ಉಳಿದದ್ದನ್ನು ಪೂರ್ತಿ ಎಂಬಂತೆ ತಂದಿಟ್ಟ. ಪೇತ್ರ ಏನಂದ? ಮಾರುವ ಮುಂಚೆ ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತು ಎಂದ. ಕೊಡದೆ ಇರುವ ಸ್ವಾತಂತ್ರ್ಯ ಪೂರ್ತಿ ಅವನದು. ಅದನ್ನು ಯಾರೂ ಪ್ರಶ್ನಿಸಲಿಲ್ಲ. ಕೊಟ್ಟೆನೆಂದು ಸುಳ್ಳು ಹೇಳುವ ಸ್ವಾತಂತ್ರ್ಯ ಇರಲಿಲ್ಲ. ಕಾಣಿಕೆ, ದಶಮಾಂಶ, ಸೇವೆಗೆ ಸಮಯ ಕೊಡುವ ವಿಷಯದಲ್ಲಿ ವಾದ ಬಂದಾಗಲೆಲ್ಲ ಈ ಗೆರೆ ನೆನಪಿರಲಿ: "ಕೊಡುವುದಿಲ್ಲ" ಅನ್ನುವವನನ್ನು ಬಿಡಿ, "ಕೊಟ್ಟಿದ್ದೇನೆ" ಎಂದು ಸುಳ್ಳಾಡುವವನ ಜೊತೆ ಮಾತಾಡಿ.

ನಿಮ್ಮ ಸ್ವಾತಂತ್ರ್ಯವನ್ನು ಯಾವಾಗ ಬಿಟ್ಟುಕೊಡಬೇಕು

ಕೊರಿಂಥದ ಸಂತೆಯಲ್ಲಿ ಸಿಗುವ ಮಾಂಸ ವಿಗ್ರಹಕ್ಕೆ ಅರ್ಪಿಸಿದ್ದಾಗಿರಬಹುದು. ಪೌಲನ ಸಲಹೆ ಮೂರು ಹಂತದ್ದು (1 ಕೊರಿಂಥ 10:25–29). ಸಂತೆಯಲ್ಲಿ ಕೊಂಡು ತಿನ್ನುವಾಗ ವಿಚಾರಿಸಲು ಹೋಗಬೇಡಿ. ನಂಬದವರ ಮನೆಗೆ ಊಟಕ್ಕೆ ಹೋದಾಗಲೂ ಬಡಿಸಿದ್ದನ್ನು ಕೇಳದೆ ತಿನ್ನಿ. ಆದರೆ ಯಾರಾದರೂ "ಇದು ಅರ್ಪಿಸಿದ್ದು" ಎಂದು ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಟ್ಟುಬಿಡಿ. ಮಾಂಸ ಬದಲಾಗಲಿಲ್ಲ, ನಿಮಗೆ ತಿನ್ನುವ ಹಕ್ಕೂ ಹೋಗಲಿಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯ ಬಂದು ಕೂತ, ಅಷ್ಟೇ.

ಇಲ್ಲಿ ಒಂದು ದುರುಪಯೋಗ ನಡೆಯುತ್ತದೆ, ಅದನ್ನು ಬಿಡಿಸಿ ಹೇಳಲೇಬೇಕು. "ನನಗೆ ಅಡ್ಡಿಯಾಯಿತು" ಎಂದು ದೂರುವವರೆಲ್ಲ ಪೌಲ ಹೇಳಿದ ಬಲಹೀನರಲ್ಲ. 1 ಕೊರಿಂಥ 8:10ರ ಬಲಹೀನ ನಿಮ್ಮನ್ನು ನೋಡಿ, ತನಗೆ ತಪ್ಪೆಂದು ಅನಿಸುವುದನ್ನೇ ಮಾಡಲು ಹೊರಡುವವನು. ಅಂದರೆ ತನ್ನ ಮನಸ್ಸಾಕ್ಷಿಯ ವಿರುದ್ಧ ಹೆಜ್ಜೆ ಇಡುವವನು. ಕೋಪ ಬಂದವನು ಎಡವಿದವನಲ್ಲ. ಹತ್ತಾರು ವರ್ಷದಿಂದ ಸಭೆಯಲ್ಲಿದ್ದು, ಎಲ್ಲರ ಬಟ್ಟೆಬರೆಯ ಮೇಲೆ ಕಣ್ಣಿಟ್ಟು, ಅಸಮಾಧಾನವನ್ನೇ ಅಸ್ತ್ರ ಮಾಡಿಕೊಂಡವರಿಗೆ ಬಲಹೀನರ ರಿಯಾಯಿತಿ ಕೊಟ್ಟರೆ ಇಡೀ ಸಭೆ ಅವರ ಮುಷ್ಟಿಗೆ ಹೋಗುತ್ತದೆ. ಪರೀಕ್ಷೆ ಸುಲಭ. "ನಾನು ಹೀಗೆ ಮಾಡಿದರೆ ನೀವೂ ಹಾಗೆ ಮಾಡಲು ಮನಸ್ಸಾಗುತ್ತದೆಯೇ?" ಎಂದು ಕೇಳಿ. "ಹೌದು, ಆಮೇಲೆ ನನಗೆ ನಿದ್ದೆ ಬರುವುದಿಲ್ಲ" ಎಂದರೆ ಬಿಟ್ಟುಕೊಡಿ. ಕುಡಿತದಿಂದ ಈಗಷ್ಟೇ ಹೊರಬಂದವರ ಮುಂದೆ ದ್ರಾಕ್ಷಾರಸ ಮುಟ್ಟದಿರುವುದು ಇದೇ ಲೆಕ್ಕ. "ಛೆ, ನಾನು ಯಾಕೆ ಮಾಡಲಿ, ನೀವೂ ಮಾಡಬಾರದು" ಎಂದರೆ ಅದು ರೋಮ 14:4ರ ವಿಷಯ: ಇನ್ನೊಬ್ಬನ ಸೇವಕನ ಮೇಲೆ ತೀರ್ಪು.

ಸತ್ಯ ಹೇಳುವ ಕ್ರಮ

ಹೇಳಲೇಬೇಕು ಎಂದು ತೀರ್ಮಾನವಾದರೆ ಮತ್ತಾಯ 18:15–17ರ ಕ್ರಮ ಬಿಡಬೇಡಿ. ಮೊದಲು ನೀವೊಬ್ಬರೇ, ಅವರೊಬ್ಬರೇ. ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಆಗಲೂ ಕೇಳದಿದ್ದರೆ ಸಭೆ. ಪ್ರಾಯೋಗಿಕವಾಗಿ ಮೊದಲ ಹಂತದಲ್ಲೇ ಎಡವುತ್ತೇವೆ, ಏಕೆಂದರೆ ಅದಕ್ಕೂ ಮುಂಚೆ "ಪ್ರಾರ್ಥನೆಗಾಗಿ" ಎಂದು ಹೇಳಿ ನಾಲ್ಕು ಜನರಿಗೆ ಹಂಚಿರುತ್ತೇವೆ. ಹೆಸರು ಬೇಕಿಲ್ಲದ ಪ್ರಾರ್ಥನೆಗೆ ಹೆಸರು ಸೇರಿಸಿದರೆ ಅದು ಚಾಡಿ. ಯಾಜಕಕಾಂಡ 19ರಲ್ಲಿ ಚಾಡಿ ಹೇಳುತ್ತ ತಿರುಗಬೇಡ ಎಂಬ ಆಜ್ಞೆಯೂ, ನೆರೆಯವನನ್ನು ನೇರವಾಗಿ ಎಚ್ಚರಿಸು ಎಂಬ ಆಜ್ಞೆಯೂ ಅಕ್ಕಪಕ್ಕದ ವಚನಗಳಲ್ಲಿವೆ (16, 17). ಬೆನ್ನ ಹಿಂದೆ ಹೇಳುವುದನ್ನು ಎದುರಿಗೆ ಹೇಳಿ ಎಂಬುದೇ ಎರಡನ್ನೂ ಜೋಡಿಸುವ ಎಳೆ.

ಮಾತು ಆಡುವ ಮುಂಚೆ ಬರೆದುಕೊಳ್ಳಿ, ಬರೆದದ್ದನ್ನು ತಿದ್ದಿ. ಒಂದು ಮಾದರಿ ನೋಡಿ. ಮೊದಲ ಕರಡು: "ನೀವು ವಿಶ್ವಾಸದಿಂದ ಬಿದ್ದುಹೋಗಿದ್ದೀರಿ ಅಂತ ಎಲ್ಲರೂ ಮಾತಾಡ್ತಿದ್ದಾರೆ." ಇದರಲ್ಲಿ ಕಂಡ ಸಂಗತಿ ಒಂದೂ ಇಲ್ಲ, ತೀರ್ಪು ಇದೆ, ಜೊತೆಗೆ ಹೆಸರಿಲ್ಲದ ಗುಂಪಿನ ಬೆದರಿಕೆಯೂ ಇದೆ. ತಿದ್ದಿದ ಕರಡು: "ಅಣ್ಣಾ, ಸಭೆಯ ಹಣದ ಲೆಕ್ಕದಲ್ಲಿ ಈ ಎರಡು ಖರ್ಚಿಗೆ ರಸೀದಿ ಕಾಣಿಸಲಿಲ್ಲ. ನನಗೆ ತಿಳಿಯದ್ದು ಏನಾದರೂ ಇದ್ದರೆ ಹೇಳಿ. ಈ ಮಾತು ಇನ್ನೂ ಯಾರಿಗೂ ಹೇಳಿಲ್ಲ." ಕಂಡದ್ದು, ಕೇಳುವ ಅವಕಾಶ, ಗುಟ್ಟಿನ ಭರವಸೆ ಮೂರೂ ಬಂದವು. ಕೊನೆಯ ವಾಕ್ಯ ನಿಜವಾಗಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ ತಾನೇ.

ಈ ಕ್ರಮಕ್ಕೆ ಒಂದು ಅಪವಾದ ಇದೆ, ಅದರಲ್ಲಿ ಹಿಂಜರಿಕೆ ಬೇಡ. ಮಗುವಿನ ಮೇಲೆ ದೌರ್ಜನ್ಯ, ಹೊಡೆತ, ಜೀವಕ್ಕೆ ಅಪಾಯ ಇರುವಲ್ಲಿ ತಪ್ಪು ಮಾಡಿದವನ ಜೊತೆ ಮೊದಲು ಗುಟ್ಟಾಗಿ ಮಾತಾಡಲು ಹೋಗಬೇಡಿ. ನೊಂದವರನ್ನು ಸುರಕ್ಷಿತ ಜಾಗಕ್ಕೆ ಸೇರಿಸಿ, ಪೊಲೀಸರಿಗೆ ತಿಳಿಸಿ. ಮತ್ತಾಯ 18ನ್ನು ಹಿಡಿದು ಇಂಥ ಸಂಗತಿಗಳನ್ನು ಸಭೆಯೊಳಗೇ ಮುಚ್ಚಿಟ್ಟದ್ದರಿಂದ ಆದ ಹಾನಿ ಅಷ್ಟಿಷ್ಟಲ್ಲ. ಸಮಾಲೋಚನೆಗೆ ಕೂರುವ ಸಭಾಪಾಲಕರು "ಯಾರಿಗೂ ಹೇಳುವುದಿಲ್ಲ" ಎಂದು ಮೊದಲೇ ಮಾತು ಕೊಡದೆ, "ಯಾರ ಜೀವಕ್ಕೂ ಅಪಾಯವಿಲ್ಲದಿದ್ದರೆ ಯಾರಿಗೂ ಹೇಳುವುದಿಲ್ಲ" ಎಂದು ಹೇಳುವುದು ಒಳ್ಳೆಯದು. ಕಥೋಲಿಕ ಸಭೆಯ ಪಾಪನಿವೇದನೆಯ ಮುದ್ರೆ, ಅಂದರೆ ನಿವೇದನೆಯಲ್ಲಿ ಕೇಳಿದ್ದನ್ನು ಯಾಜಕ ಯಾರಿಗೂ ಹೇಳಕೂಡದೆಂಬ ಕಟ್ಟು, ಬೇರೆ ಸಂಗತಿ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯೇ ಅದನ್ನು ಮುರಿಯುವ ಯಾಜಕನನ್ನು ಪದವಿಯಿಂದ ತೆಗೆಯಬೇಕೆಂದು ವಿಧಿಸಿತು. ಆ ಮುದ್ರೆ ಸಂಸ್ಕಾರಕ್ಕೆ ಮಾತ್ರ. ಕಾಫಿ ಕುಡಿಯುತ್ತ ಆಡಿದ ಮಾತಿಗೆ ಅಲ್ಲ.

ಹೇಳದಿರುವುದು, ಸುಳ್ಳು ಹೇಳುವುದು

ಸತ್ಯವನ್ನೆಲ್ಲ ಎಲ್ಲರಿಗೂ ಹೇಳುವ ಹೊಣೆ ಯಾರ ಮೇಲೂ ಇಲ್ಲ. 1 ಸಮುವೇಲ 16ರಲ್ಲಿ ದಾವೀದನನ್ನು ಅಭಿಷೇಕಿಸಲು ಹೊರಟ ಪ್ರವಾದಿ ಸಮುವೇಲ ಅರಸನಾಗಿದ್ದ ಸೌಲನಿಗೆ ಹೆದರಿದಾಗ, ಒಂದು ಕರುವನ್ನು ಹೊಡೆದುಕೊಂಡು ಹೋಗಿ ಯಜ್ಞಕ್ಕೆ ಬಂದೆನೆಂದು ಹೇಳು ಎಂಬ ಸೂಚನೆ ದೇವರಿಂದಲೇ ಬಂತು. ಯಜ್ಞ ನಿಜವಾಗಿ ನಡೆಯಿತು. ಉಳಿದರ್ಧ ಗುಟ್ಟಾಗಿ ಉಳಿಯಿತು. ಗಂಡುಮಕ್ಕಳನ್ನು ಉಳಿಸಲು ಫರೋಹನ ಮುಂದೆ ಜಾಣತನದ ಮಾತಾಡಿದ ಸೂಲಗಿತ್ತಿಯರ ಪ್ರಸಂಗ (ವಿಮೋಚನಕಾಂಡ 1), ಗೂಢಚಾರರನ್ನು ಅಡಗಿಸಿದ ರಾಹಾಬಳ ಪ್ರಸಂಗ (ಯೆಹೋಶುವ 2) ಇದಕ್ಕಿಂತ ಕಷ್ಟದವು. ಪ್ರಾಚೀನ ಸಭೆಯ ಬೋಧಕ ಆಗಸ್ಟೀನ್ ಜೀವ ಉಳಿಸಲೂ ಸುಳ್ಳು ಕೂಡದು ಎಂದು ಕಟ್ಟುನಿಟ್ಟಾಗಿ ವಾದಿಸಿದ. ಕೊಲೆಗಾರನಿಗೆ ಸತ್ಯ ಕೇಳುವ ಹಕ್ಕೇ ಇಲ್ಲ ಎಂದು ಹೇಳಿದ ಕ್ರೈಸ್ತರೂ ಉಂಟು. ನಮ್ಮ ಮಟ್ಟಿಗೆ ಎರಡನೆಯವರ ಮಾತೇ ಸೂಲಗಿತ್ತಿಯರ ಕಥೆಗೆ ಹೆಚ್ಚು ಹೊಂದುತ್ತದೆ. ಆದರೆ ಇದನ್ನು ದಿನನಿತ್ಯದ ಮುಜುಗರ ತಪ್ಪಿಸಿಕೊಳ್ಳಲು ಎಳೆದುತರಬೇಡಿ. ಅವರ ಬಾಗಿಲಲ್ಲಿ ನಿಂತಿದ್ದದ್ದು ಸಾವು.

ಬಲವಂತ ಸತ್ಯವನ್ನು ಕಾಪಾಡಿದ್ದಿಲ್ಲ

ಉತ್ತರ ಆಫ್ರಿಕಾದಲ್ಲಿ ಸಭೆಯಿಂದ ಒಡೆದು ಬೇರೆಯಾಗಿದ್ದ ಡೊನಾಟಿಸ್ಟ್ ಪಂಗಡದವರ ವಿಷಯದಲ್ಲಿ ಆಗಸ್ಟೀನ್ ಮೊದಲು ಬಲವಂತ ಬೇಡವೆಂದಿದ್ದವನು, ಆಮೇಲೆ ಮನಸ್ಸು ಬದಲಿಸಿದ. ಲೂಕ 14:23ರ "ಒಳಗೆ ಬರುವಂತೆ ಬಲವಂತಮಾಡು" ಎಂಬ ಮಾತನ್ನು ಅದಕ್ಕೆ ಆಧಾರ ಮಾಡಿಕೊಂಡ. ಮುಂದೆ ಶತಮಾನಗಟ್ಟಲೆ ಆ ದೃಷ್ಟಾಂತ ಕಥೆಯ ಒಂದು ಸಾಲು ಕೋಲಾಗಿ ಬಳಕೆಯಾಯಿತು. ಪ್ರೊಟೆಸ್ಟಂಟರೂ ಹೊರತಲ್ಲ: ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಯೈಕತ್ವವನ್ನು ನಿರಾಕರಿಸಿದ ಮಿಗೆಲ್ ಸರ್ವೇಟಸ್‌ನನ್ನು 1553ರಲ್ಲಿ ಜಿನೀವಾದಲ್ಲಿ ಜೀವಂತ ಸುಟ್ಟರು. ಅದನ್ನು ಖಂಡಿಸಿದ ಸೆಬಾಸ್ಟಿಯನ್ ಕ್ಯಾಸ್ಟೆಲ್ಲಿಯೊ, ಮನುಷ್ಯನನ್ನು ಕೊಂದರೆ ಸಿದ್ಧಾಂತ ಕಾಪಾಡಿದಂತಾಗದು, ಮನುಷ್ಯನನ್ನು ಕೊಂದಂತಾಗುತ್ತದೆ ಎಂಬರ್ಥದ ಮಾತು ಬರೆದ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಎರಡನ್ನೂ ಒಟ್ಟಿಗೆ ಹೇಳುತ್ತದೆ: ಸತ್ಯವನ್ನು ಹುಡುಕುವ ಕರ್ತವ್ಯ ಎಲ್ಲರಿಗೂ ಇದೆ, ಅದರಲ್ಲಿ ಬಲವಂತಕ್ಕೆ ಒಳಗಾಗದ ಹಕ್ಕೂ ಎಲ್ಲರಿಗೂ ಇದೆ. ಮನೆಯಲ್ಲೂ ಸಭೆಯಲ್ಲೂ ಬಲವಂತಕ್ಕೆ ಬೆಂಕಿ ಬೇಕಿಲ್ಲ. ಖರ್ಚಿನ ಹಣ ನಿಲ್ಲಿಸುವುದು, ಮಾತು ಬಿಡುವುದು, ಮದುವೆ ನಿಲ್ಲಿಸುತ್ತೇವೆಂಬ ಬೆದರಿಕೆ ಎಲ್ಲವೂ ಅದೇ ಜಾತಿ.

ಹಾಗಾದರೆ 24 ವರ್ಷದ ಮಗನ ವಿಷಯ? ಆರಾಧನೆ ಸ್ಪಷ್ಟ ಆಜ್ಞೆಗೆ ಹತ್ತಿರದ್ದು, ಆದರೆ ಅವನು ವಯಸ್ಕ. ಅವನ ವಿಶ್ವಾಸದ ತೀರ್ಮಾನ ಅವನದು. ನಿಮ್ಮ ನಂಬಿಕೆ ಏನು, ಏಕೆ ದುಃಖವಾಗಿದೆ ಎಂಬುದನ್ನು ಒಮ್ಮೆ ಬಿಡಿಸಿ ಹೇಳಿ. ಒಮ್ಮೆ ಸಾಕು, ಪ್ರತಿ ಶನಿವಾರ ರಾತ್ರಿ ಬೇಡ. ಮನೆಯ ನಿಯಮಗಳನ್ನು, ಉದಾಹರಣೆಗೆ ಊಟದ ಮುಂಚಿನ ಪ್ರಾರ್ಥನೆಯ ಹೊತ್ತಿಗೆ ಮೌನವಾಗಿರುವುದನ್ನು, ಕೇಳಬಹುದು. ನಂಬಿದಂತೆ ನಟಿಸು ಎಂದು ಕೇಳಲಾಗದು. ಮಾರ್ಕ 10:21–22ರಲ್ಲಿ ಯೇಸು ಆ ಐಶ್ವರ್ಯವಂತನನ್ನು ದೃಷ್ಟಿಸಿ ನೋಡಿ ಪ್ರೀತಿಸಿದ, ಕಹಿ ಸತ್ಯ ಹೇಳಿದ. ಅವನು ವ್ಯಥೆಪಟ್ಟು ಹೊರಟುಹೋದಾಗ ಬೆನ್ನುಹತ್ತಲಿಲ್ಲ, ಷರತ್ತನ್ನು ಇಳಿಸಲೂ ಇಲ್ಲ. 10 ವರ್ಷದ ಮಗುವಿನ ವಿಷಯ ಬೇರೆ, ಅದನ್ನು ಕರೆದುಕೊಂಡು ಹೋಗುವುದು ಪಾಲಕರ ಹೊಣೆ. ನಡುವಿನ ವಯಸ್ಸಿನಲ್ಲಿ ಮಗು ಬೆಳೆದಂತೆ ಅಧಿಕಾರವನ್ನು ಒಂದೊಂದಾಗಿ ಬಿಟ್ಟುಕೊಡುತ್ತ ಬರಬೇಕು.

ಸಭೆಗೆ ನಿಯಮ ಬರೆಯುವಾಗ

ಹಿರಿಯರು ಕೂತು ನಿಯಮ ಮಾಡುವ ಸಂದರ್ಭಕ್ಕೆ ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಅಪೊಸ್ತಲರೂ ಹಿರಿಯರೂ ಅನ್ಯಜನರಾದ ವಿಶ್ವಾಸಿಗಳಿಗೆ ಬರೆದ ಪತ್ರ ಒಳ್ಳೆಯ ಅಚ್ಚು. ನಮ್ಮ ಅಪ್ಪಣೆಯಿಲ್ಲದೆ ಕೆಲವರು ಬಂದು ನಿಮ್ಮನ್ನು ಕಳವಳಪಡಿಸಿದರೆಂದು ಮೊದಲು ಒಪ್ಪಿಕೊಳ್ಳುತ್ತದೆ (24). ಅಗತ್ಯವಾದದ್ದರ ಹೊರತು ಹೆಚ್ಚಿನ ಭಾರ ಹೊರಿಸುವುದಿಲ್ಲ ಎನ್ನುತ್ತದೆ (28). ಆಮೇಲೆ ನಾಲ್ಕೇ ನಾಲ್ಕು ಸಂಗತಿ ಕೇಳುತ್ತದೆ, ಸುನ್ನತಿ ಅದರಲ್ಲಿ ಇಲ್ಲ. ನಿಮ್ಮ ನಿಯಮದ ಪಕ್ಕದಲ್ಲೂ ನಾಲ್ಕು ಕಾಲಂ ಇರಲಿ: ಯಾವ ವಚನದ ಆಧಾರ, ಮೂರರಲ್ಲಿ ಯಾವ ದರ್ಜೆ, ಯಾರಿಗೆ ಅನ್ವಯ (ಎಲ್ಲ ಸದಸ್ಯರಿಗೋ, ಬೋಧಿಸುವವರಿಗೆ ಮಾತ್ರವೋ), ಯಾವ ತಾರೀಖಿಗೆ ಮರುಪರಿಶೀಲನೆ. ಮೂರನೇ ದರ್ಜೆಯದಕ್ಕೆ "ಇದು ಸಭೆಯ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು" ಎಂದು ನಿಯಮದಲ್ಲೇ ಬರೆಯಿರಿ. ಆರಾಧನೆ ಎಷ್ಟು ಗಂಟೆಗೆ ಎಂಬುದಕ್ಕೆ ದೇವರ ಹೆಸರು ಹಾಕಬೇಕಾಗಿಲ್ಲ. ಮೊದಲ ಕಾಲಂ ಖಾಲಿ ಉಳಿದು ಎರಡನೆಯದರಲ್ಲಿ "ಸ್ಪಷ್ಟ ಆಜ್ಞೆ" ಎಂದು ಬರೆದಿದ್ದರೆ ಆ ಸಾಲನ್ನು ಓದಿ ಹೇಳುವ ಮುಂಚೆಯೇ ಹೊಡೆದುಹಾಕಿ.